ಯಾವ ದೇವರ ಮೇಲಿನ ಆಲ್ಬಮ್?

ಮೊನ್ನೆ ಕಡೂರಿನಿಂದ ತರೀಕೆರೆಗೆ ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಬೀದಿಯ ಹೆಂಗಸೊಬ್ಬರು ಪಕ್ಕದಲ್ಲಿ ಕೂತರು. ಬೀರೂರು ದಾಟುವ ಹೊತ್ತಿಗೆ ವಿಷಯಕ್ಕೆ ಬಂದರು.

"ನಿಮ್ ನಾದಿನಿ ಅದೇನೋ ಆಲ್ಬಮ್ ಮಾಡವ್ರಂತಲ್ಲ, ಯಾವ ದೇವರ ಮೇಲೆ?"

ಯಾವ ದೇವರ ಮೇಲೂ ಅಲ್ಲ ಎಂದೆ.

ಹಾಗಾದರೆ ಜನಪದವಾ ಎಂದರು. ಅಲ್ಲ. ಭಾವಗೀತೆಯಾ? ಅಲ್ಲ. ಸಿನಿಮಾದ್ದಾ? ಅದೂ ಅಲ್ಲ. ಹಾಡುವವರು ಯಾರು ಎಂದು ಕೇಳಿದರು. ಯಾರೂ ಹಾಡುವುದಿಲ್ಲ, ಗಿಟಾರ್ ಅಷ್ಟೇ ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಮೆತ್ತಗೆ, ಹೋಗ್ಲಿ ಬಿಡಿ ಎಂದರು. (ಮನೆಯಲ್ಲಿ ಆಗಬಾರದ್ದೇನೋ ಆದಾಗ ಸಮಾಧಾನ ಹೇಳುವ ಧಾಟಿಯಲ್ಲಿ.)

ಯಾಕೆ ಬಿಡಬೇಕು? ನಾನಂತೂ ಬಿಡುವುದಿಲ್ಲ. ಅದಕ್ಕೇ ಈ ವಾರ ಇದನ್ನೇ ಬರೆಯುತ್ತಿದ್ದೇನೆ.

ಶಶಿರೇಖಾ ನನ್ನ ಗಂಡನ ತಂಗಿ. ನಮಗೆಲ್ಲ ಶಶಿ. ಕಡೂರಿನ ಪಿಯು ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತಾಳೆ. ವಾರವೆಲ್ಲ ಸೀರೆ ಉಟ್ಟು ಮಕ್ಕಳಿಗೆ ಇಂಟಿಗ್ರೇಶನ್ ಹೇಳಿಕೊಟ್ಟು, ಶನಿವಾರ ಕಾಲೇಜು ಮುಗಿದ ಕೂಡಲೇ ಗಿಟಾರ್ ಬ್ಯಾಗನ್ನು ಹೆಗಲಿಗೇರಿಸಿ ಬೆಂಗಳೂರಿನ ರೈಲು ಹತ್ತುತ್ತಿದ್ದಳು. ಅಲ್ಲಿ ಅವಳದೊಂದು ನಾಲ್ಕು ಜನರ ರಾಕ್ ಬ್ಯಾಂಡ್ ಇತ್ತು. ಹಾಡುವವನಿಗೂ ಡ್ರಮ್ಸ್ ನುಡಿಸುವವನಿಗೂ ಜಗಳವಾಗಿ ಆ ಬ್ಯಾಂಡ್ ಒಡೆಯಿತು. ಸದ್ಯ, ಇನ್ನಾದರೂ ಭಾನುವಾರ ಮನೆಯಲ್ಲಿರುತ್ತಾಳೆ ಎಂದು ನೆಂಟರೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ಪೂರ್ತಿ ಹೊರಬರುವ ಮೊದಲೇ ಶಶಿ, ನಾನೊಬ್ಬಳೇ ಆಲ್ಬಮ್ ಮಾಡುತ್ತೇನೆ ಎಂದಳು.

ಅವಳು ನುಡಿಸುವ ಬಗೆಗೆ ಪ್ರೋಗ್ರೆಸಿವ್ ರಾಕ್ ಎಂದು ಹೆಸರು. ಹಾಗೆಂದರೇನು ಎಂದು ನಾನೂ ಕೇಳಿದ್ದೆ. ಪಲ್ಲವಿ, ಚರಣ, ಮತ್ತೆ ಪಲ್ಲವಿ ಎಂದು ಸುತ್ತಿ ಬರುವ ಗೋಜು ಅದಕ್ಕಿಲ್ಲ. ಹೊರಟರೆ ಹೊರಟಿದ್ದೇ. ಏಳರ ಎಣಿಕೆಯಲ್ಲಿ ನಡೆಯುತ್ತಿದ್ದದ್ದು ಹೇಳದೆ ಕೇಳದೆ ಐದಕ್ಕೆ ಹೊರಳುತ್ತದೆ. ಒಂದೊಂದು ಹಾಡೂ ಬೇಳೆ ಬೆಂದು, ಒಗ್ಗರಣೆಯಾಗಿ, ಸಾರು ಒಂದು ಕುದಿ ಬರುವವರೆಗೆ ನಡೆಯುತ್ತದೆ. (ಈ ಅಳತೆ ನನ್ನದು. ಗಣಿತದ ಮೇಡಂ ಇದನ್ನು ಒಪ್ಪುವುದಿಲ್ಲ.) ಮೊದಮೊದಲು ನನಗೆ ತಲೆನೋವು ಬರುತ್ತಿತ್ತು. ಆಮೇಲಾಮೇಲೆ ಪಾತ್ರೆ ತೊಳೆಯುವಾಗ ಅದೇ ಬಾಯಿಗೆ ಬರತೊಡಗಿತು.

ಡ್ರಮ್ಸ್ ಅನ್ನು ಕಂಪ್ಯೂಟರಿನಲ್ಲಿ ಕೂಡಿಸಿದಳು. ಬೇಸ್ ಗಿಟಾರ್ ತಾನೇ ನುಡಿಸಿದಳು. ಆದರೆ ಅವಳ ಸ್ವಂತ ಗಿಟಾರ್ ಇದೆಯಲ್ಲ, ಅದಕ್ಕೆ ಆಂಪ್ಲಿಫೈಯರ್ ಜೋರಾಗಿಟ್ಟು, ಎದುರಿಗೆ ಮೈಕ್ ನಿಲ್ಲಿಸಿಯೇ ರೆಕಾರ್ಡ್ ಮಾಡಬೇಕಂತೆ. ಕಡೂರಿನ ಬಾಡಿಗೆ ಮನೆಯಲ್ಲಿ ಅಷ್ಟು ಸದ್ದು ಮಾಡಿದರೆ ಮಾಲೀಕರು ಸುಮ್ಮನಿರುತ್ತಾರೆಯೇ? ಆಗ ನೆನಪಾದವರು ಅಜ್ಜಂಪುರದ ದೊಡ್ಡಪ್ಪ.

ನಮ್ಮನೆಯವರಿಗೂ ಶಶಿಗೂ ಅವರು ಸ್ವಂತ ದೊಡ್ಡಪ್ಪ. ನಾನೂ ಹಾಗೆಯೇ ಕರೆಯುವುದು. ಈರುಳ್ಳಿ ವ್ಯಾಪಾರ, ಮಠದ ಒಡನಾಟ, ಹಣೆ ತುಂಬ ವಿಭೂತಿ, ಒಂದು ಮಾತು ಹೇಳಿದರೆ ಮುಗಿಯಿತು. ಹೊಸ ಬೆಳೆ ಬರುವವರೆಗೆ ಗೋಡೌನ್ ಖಾಲಿ ಇರುತ್ತದೆ, ಬಂದು ಅದೇನು ಬಾರಿಸುತ್ತೀಯೋ ಬಾರಿಸಿಕೋ ಎಂದರು.

ಗೋಣಿಚೀಲಗಳನ್ನು ಗೋಡೆಯುದ್ದಕ್ಕೂ ತೂಗುಹಾಕಿದ ಮೇಲೆ ಪ್ರತಿಧ್ವನಿ ಅಡಗಿತು. ಈರುಳ್ಳಿ ವಾಸನೆ ಅಡಗಲಿಲ್ಲ. ಆಂಪ್ಲಿಫೈಯರ್ ಗುಡುಗಿದರೆ ಮೂಲೆಯಲ್ಲಿದ್ದ ಸಿಪ್ಪೆಗಳೆಲ್ಲ ನೆಲದ ಮೇಲೆ ಓಡಾಡುತ್ತಿದ್ದವು. ಸುತ್ತಲಿನ ಹೊಲಗಳಿಗೆ ತ್ರೀ ಫೇಸ್ ಕರೆಂಟ್ ಬಂದು ಪಂಪ್‌ಸೆಟ್ಟುಗಳು ಶುರುವಾದರೆ ಆಂಪ್ಲಿಫೈಯರಿನೊಳಗೆ ಗುಂಯ್ ಎನ್ನುವ ಸದ್ದು. ಅವು ನಿಲ್ಲುವವರೆಗೆ ಕೈಕಟ್ಟಿ ಕೂರಬೇಕು. ನಿಂತವಲ್ಲ ಎಂದು ಗಿಟಾರ್ ಎತ್ತಿಕೊಂಡರೆ ಪಕ್ಕದ ಹಳಿಯ ಮೇಲೆ ರೈಲು. ಕಾಲೇಜಿನ ರಜೆಯೆಲ್ಲ ಹೀಗೇ ಕರಗಿತು. ಎಲ್ಲ ಮುಗಿದು ಒಂದೇ ಒಂದು ಹಾಡು ಉಳಿಯಿತು. ಎಲ್ಲಕ್ಕಿಂತ ಉದ್ದದ್ದು, ಇಡೀ ಆಲ್ಬಮ್ ಬಂದು ಸೇರುವುದೇ ಅದರಲ್ಲಿ. ಅದಿಲ್ಲದಿದ್ದರೆ ಉಳಿದದ್ದು ಇದ್ದೂ ಇಲ್ಲದ ಹಾಗೆ ಎಂದಿದ್ದಳು ಶಶಿ.

ಸಹಾಯಕ್ಕೆ ಜನ ಸಿಗದಿದ್ದರೂ ಸಲಹೆಗೆ ಬರವಿಲ್ಲವಲ್ಲ. ಎಲ್ಲವನ್ನೂ ಕೊನೆಗೆ ಮಿಕ್ಸ್ ಮಾಡಿಕೊಡಬೇಕಿದ್ದ ಬೆಂಗಳೂರಿನ ಎಂಜಿನಿಯರ್ ಫೋನಿನಲ್ಲಿ ಹೇಳಿದ್ದು ಇದು: ಮೇಡಂ, ನೀವು ಆ ಕಡೆಯವರು, ಒಂದು ಡೊಳ್ಳು ಹಾಕಿ, ಊರಿನ ಫೀಲ್ ಬರುತ್ತೆ. ದೊಡ್ಡಪ್ಪ ಹೇಳಿದ್ದು ಇನ್ನೊಂದು. ಆರಂಭದಲ್ಲಿ ಒಂದು ವಚನ ಹಾಡಿಸಿಬಿಡು, ಮಠದಲ್ಲೇ ಬಿಡುಗಡೆ ಮಾಡಿಸೋಣ, ನಾಲ್ಕು ಜನ ಒಪ್ಪುತ್ತಾರೆ.

ನನಗೊಂದು ಅರ್ಥವಾಗುವುದಿಲ್ಲ. ಬೆಂಗಳೂರಿನ ಬಡಾವಣೆಯಲ್ಲಿ ಹುಟ್ಟಿದವನು ಗಿಟಾರ್ ಹಿಡಿದರೆ ಅದು ಸಂಗೀತ. ಕಡೂರಿನವಳು ಹಿಡಿದರೆ ಮಾತ್ರ ಅದಕ್ಕೆ ಡೊಳ್ಳೂ ಬೇಕು, ಮಣ್ಣಿನ ಸೊಗಡೂ ಬೇಕು. ಯಾಕೆ? ನಾವೇನು ವಸ್ತುಪ್ರದರ್ಶನದ ಮಳಿಗೆಯೇ? ಮಣ್ಣು ನಮ್ಮ ಮನೆಯಲ್ಲಿ ಬೇಕಾದಷ್ಟಿದೆ, ದಿನಾ ಬೆಳಿಗ್ಗೆ ಗುಡಿಸಿ ಹೊರಗೆ ಹಾಕುತ್ತೇವೆ. ಹಾಗೆಂದು ಡೊಳ್ಳಿನ ಮೇಲೆ ನನಗೆ ಕೋಪವಿಲ್ಲ. ಡೊಳ್ಳು ಬಾರಿಸುವವರ ಹತ್ತಿರ ಯಾರಾದರೂ ಹೋಗಿ, ಸ್ವಲ್ಪ ಗಿಟಾರ್ ಹಾಕ್ರಪ್ಪ, ಸಿಟಿ ಫೀಲ್ ಬರುತ್ತೆ ಎಂದರೆ ಅವರ ಪರವಾಗಿಯೂ ನಾನು ಇಷ್ಟೇ ಜಗಳವಾಡುತ್ತೇನೆ. ಆದರೆ ಅವರನ್ನು ಯಾರೂ ಹಾಗೆ ಕೇಳುವುದಿಲ್ಲ ನೋಡಿ.

ಕೊನೆಯ ಹಾಡಿನ ದಿನ ಬುತ್ತಿ ಕಟ್ಟಿಕೊಂಡು ನಾನೂ ಅಜ್ಜಂಪುರಕ್ಕೆ ಹೋಗಿದ್ದೆ. ಶಶಿ ಗೋಡೌನಿನಲ್ಲಿ ತಂತಿ ಶ್ರುತಿ ಮಾಡುತ್ತಿದ್ದಳು. ಹೊರಗೆ ಕಾರು ನಿಂತ ಸದ್ದಾಯಿತು. ದೊಡ್ಡಪ್ಪ ಇಳಿದರು. ಅವರ ಹಿಂದೆ ಇಳಿದವರು ಮಠದ ಕಾರ್ಯಕ್ರಮಗಳಲ್ಲಿ ವಚನ ಹಾಡುವ ಮೇಷ್ಟ್ರು. ಕೈಯಲ್ಲಿ ಹಾರ್ಮೋನಿಯಂ.

ಯಾರನ್ನೂ ಒಂದು ಮಾತು ಕೇಳಿರಲಿಲ್ಲ. ತಮ್ಮನ ಮಗಳಿಗೆ ಒಳ್ಳೆಯದಾಗಲಿ ಎಂದೇ ಕರೆತಂದಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ಕಷ್ಟ ಇರುವುದೂ ಅಲ್ಲಿಯೇ. ದ್ವೇಷದಿಂದ ಅಡ್ಡ ಬಂದವರನ್ನು ದೂಡಿ ಹೋಗಬಹುದು. ಪ್ರೀತಿಯಿಂದ ಅಡ್ಡ ಬಂದವರನ್ನು ಏನು ಮಾಡುತ್ತೀರಿ?

ಮೇಷ್ಟ್ರಿಗೆ ಸ್ವಲ್ಪ ಜಾಗ ಮಾಡಿಕೊಡು, ಒಂದು ವಚನ ಹಾಡಿ ಹೋಗುತ್ತಾರೆ ಎಂದರು ದೊಡ್ಡಪ್ಪ. ಆಗಲ್ಲ ಎಂದಳು ಶಶಿ. ಅವರ ಎದುರು ನಮ್ಮ ಕುಟುಂಬದಲ್ಲಿ ಯಾರೂ ಈ ಮಾತು ಆಡಿದ್ದನ್ನು ನಾನು ಕೇಳಿಲ್ಲ. (ನನ್ನ ಗಂಡ ಇವತ್ತಿಗೂ ಆಡುವುದಿಲ್ಲ. ಆಗಲಿ ದೊಡ್ಡಪ್ಪ ಎಂದು ಬಂದು, ಮನೆಯಲ್ಲಿ ನನ್ನ ಮೇಲೆ ಕೂಗಾಡುತ್ತಾರೆ.)

"ವಚನ ಬ್ಯಾಡ ಅಂತೀಯಲ್ಲೇ. ಏನೇ ಆಗೈತೆ ನಿಂಗೆ?"

"ವಚನ ನಾನು ದಿನಾ ಪೂಜೆಗೆ ಕೂತಾಗ ಹೇಳ್ತೀನಿ ದೊಡ್ಡಪ್ಪ. ನಾಲ್ಕ್ ಜನ ಒಪ್ಲಿ ಅಂತ ನನ್ ಹಾಡಿಗೆ ತೋರಣ ಕಟ್ಟಕ್ಕೆ ಅದನ್ನ ತರಲ್ಲ. ಹಂಗ್ ತಂದ್ರೆ ನನ್ ಹಾಡೂ ಕೆಡ್ತದೆ, ವಚನಕ್ಕೂ ಮರ್ಯಾದೆ ಇರಲ್ಲ."

ಮೇಷ್ಟ್ರು ಹಾರ್ಮೋನಿಯಮ್ಮನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಆಗ ದೊಡ್ಡಪ್ಪ, ನಾಳೆಯಿಂದ ಈರುಳ್ಳಿ ಬರುತ್ತದೆ, ಸಂಜೆಯೊಳಗೆ ಗೋಡೌನ್ ಖಾಲಿ ಮಾಡು ಎಂದರು. ಈರುಳ್ಳಿ ನಿಜವಾಗಿಯೂ ನಾಳೆಯೇ ಬರುವುದಿತ್ತೋ, ಅವರ ಸಿಟ್ಟಿಗೆ ಬೇಗ ಬಲಿಯಿತೋ, ನಾನು ಕೇಳಲಿಲ್ಲ. ಇಷ್ಟು ಮಾತ್ರ ನಮಗೆಲ್ಲ ಗೊತ್ತಿತ್ತು: ಆ ದಿನ ಆಗದಿದ್ದರೆ ಆ ಹಾಡು ಇಲ್ಲ, ಆ ಹಾಡಿಲ್ಲದಿದ್ದರೆ ಆಲ್ಬಮ್ ಇಲ್ಲ. ಒಂದು ವಚನಕ್ಕೆ ತಲೆಯಾಡಿಸಿದ್ದರೆ ಇನ್ನೂ ಹದಿನೈದು ದಿನ ಗೋಡೌನ್ ಅವಳದೇ ಆಗುತ್ತಿತ್ತೇನೋ. ಅವಳು ತಲೆಯಾಡಿಸಲಿಲ್ಲ. ಆ ಕ್ಷಣ ಅವಳ ಅತ್ತಿಗೆಯಾಗಿರುವುದಕ್ಕೆ ನನಗೆ ಹೆಮ್ಮೆಯಾಯಿತು.

ಪಂಪ್‌ಸೆಟ್ಟುಗಳು ನಿಂತ ಮೇಲೆ ಬಾಗಿಲು ಹಾಕಿಕೊಂಡು ಶುರುಮಾಡಿದಳು. ದೊಡ್ಡಪ್ಪ, ಮೇಷ್ಟ್ರು, ನಾನು ಹೊರಗೆ ಬೆಂಚಿನ ಮೇಲೆ ಕೂತೆವು. ಡ್ರಮ್ಸ್ ಇದ್ದದ್ದು ಅವಳ ಹೆಡ್‌ಫೋನಿನಲ್ಲಿ, ನಮಗೆ ಕೇಳಿಸುತ್ತಿದ್ದದ್ದು ಬರೀ ಗಿಟಾರ್. ಆ ಹಾಡಿನ ನಡುವೆ ಒಂದು ಜಾಗದಲ್ಲಿ ಎಲ್ಲವೂ ನಿಲ್ಲುತ್ತದೆ. ಒಂದಿಷ್ಟೂ ಸದ್ದಿಲ್ಲ. ಅದೂ ಹಾಡೇ, ಅವಳು ಒಳಗೊಳಗೇ ಎಣಿಸುತ್ತಿರುತ್ತಾಳೆ. ದೊಡ್ಡಪ್ಪನಿಗೆ ಅದು ಹೇಗೆ ಗೊತ್ತಾಗಬೇಕು? ನಾನು ಕೈಸನ್ನೆ ಮಾಡುವಷ್ಟರಲ್ಲಿ ಎದ್ದು ಹೋಗಿ ಬಾಗಿಲು ತಳ್ಳಿಯೇಬಿಟ್ಟರು.

"ಮುಗೀತೇನವ್ವ? ಉಂಡ್ಕಳ್ ಬಾ."

ಶಶಿ ತಲೆ ಎತ್ತಲಿಲ್ಲ. ಎಣಿಕೆ ಮುಗಿದದ್ದೇ ಮುಂದಿನ ಸ್ವರ ಹಿಡಿದಳು. ಅದು ಬಂದ ರಭಸಕ್ಕೆ ದೊಡ್ಡಪ್ಪ ಹಿಂದಕ್ಕೆ ಸರಿದು ಬಾಗಿಲಿಗೆ ಒರಗಿದರು. ವಾಪಸ್ ಬಂದು ಕೂರಲಿಲ್ಲ. ಹಾಡು ಪೂರ್ತಿಯಾಗುವವರೆಗೂ ಅಲ್ಲೇ ನಿಂತಿದ್ದರು. ಆಮೇಲೆ ನಾಲ್ಕೂ ಜನ ಬುತ್ತಿ ಉಂಡೆವು.

ಆ ರೆಕಾರ್ಡಿಂಗ್ ಕೇಳಿ ಬೆಂಗಳೂರಿನ ಎಂಜಿನಿಯರ್ ಕುಣಿದಾಡಿದರಂತೆ. ಗಿಟಾರಿಗಲ್ಲ. ಮೌನದ ನಡುವೆ ಬರುವ ಆ ಹಿರಿಯರ ದನಿಗೆ. ಎಂಥಾ ಊರಿನ ಫೀಲ್ ಮೇಡಂ, ಇದನ್ನು ಇಟ್ಟುಕೊಳ್ಳೋಣ ಎಂದರು. ಶಶಿ ಸ್ಪೀಕರ್ ಹಾಕಿ ಮಾತಾಡುತ್ತಿದ್ದಳು, ನಾನು ಪಕ್ಕದಲ್ಲಿದ್ದೆ.

"ಅದು ನಮ್ ದೊಡ್ಡಪ್ಪ ನನ್ನ ಊಟಕ್ಕೆ ಕರೆದಿದ್ದು. ಫೀಲ್ ಅಲ್ಲ. ತೆಗೀರಿ."

ತೆಗೆದರು. ಮೂರು ನಿಮಿಷದ ಚಿಕ್ಕ ವರ್ಷನ್ ಒಂದಾದರೂ ಮಾಡೋಣ, ಈಗ ಯಾರಿಗೂ ತಾಳ್ಮೆ ಇಲ್ಲ ಎಂದು ಅಂಗಲಾಚಿದರು. ಅದಕ್ಕೂ ಇಲ್ಲ ಎಂದಳು.

ಆಲ್ಬಮ್ ಮಠದಲ್ಲಿ ಬಿಡುಗಡೆಯಾಗಲಿಲ್ಲ. ಎಲ್ಲೂ ಆಗಲಿಲ್ಲ. ಶಾಲಿಲ್ಲ, ಹಾರವಿಲ್ಲ, ಭಾಷಣವಿಲ್ಲ. ಇಂಟರ್ನೆಟ್ಟಿಗೆ ಹಾಕಿ, ಒಂದು ಭಾನುವಾರ ತರೀಕೆರೆಯ ನಮ್ಮ ಮನೆಯಲ್ಲಿ ನೆಂಟರನ್ನು ಕೂರಿಸಿ ಕೇಳಿಸಿದಳು. ದೊಡ್ಡಪ್ಪ ಬರುತ್ತಾರೆಂದು ನಾವ್ಯಾರೂ ಎಣಿಸಿರಲಿಲ್ಲ. ಬಂದರು. ಮುಂದಿನ ಕುರ್ಚಿಯಲ್ಲೇ ಕೂತರು. ಕೊನೆಯ ಹಾಡಿನಲ್ಲಿ ಆ ಮೌನ ಬಂತು. ಕುರ್ಚಿಗಳು ಸರಿದವು. ಯಾರೋ ಚಪ್ಪಾಳೆ ಶುರುಮಾಡಿದರು. ನನ್ನ ಗಂಡ ಕಾಫಿ ಎನ್ನುತ್ತಾ ಎದ್ದೇಬಿಟ್ಟರು.

"ಕೂತ್ಕಳ್ರೋ," ಎಂದರು ದೊಡ್ಡಪ್ಪ, ಹಿಂತಿರುಗಿಯೂ ನೋಡದೆ. "ಇನ್ನೂ ಐತೆ."

ಎಲ್ಲರೂ ಕೂತರು. ನಿಜವಾಗಿಯೂ ಮುಗಿದ ಮೇಲೆ ಶಶಿ ಹತ್ತಿರ ಬಂದು, ಹೇಗಿತ್ತು ದೊಡ್ಡಪ್ಪ ಎಂದು ಕೇಳಿದಳು. ಅವರು ಸುಳ್ಳು ಹೇಳಲಿಲ್ಲ. ಒಂಚೂರೂ ಹಿಡಿಸಲಿಲ್ಲ ಕಣವ್ವ ಎಂದರು. ಶಶಿ ಜೋರಾಗಿ ನಕ್ಕುಬಿಟ್ಟಳು. ಆ ದಿನ ಬಂದ ಹೊಗಳಿಕೆಗಳಲ್ಲಿ ಯಾವುದಕ್ಕೂ ಅವಳು ಹಾಗೆ ನಕ್ಕಿರಲಿಲ್ಲ.

ಹಿಡಿಸದ ಹಾಡನ್ನೂ ಕೊನೆಯವರೆಗೆ ಕೂತು ಕೇಳುವ ಯೋಗ್ಯತೆ ನಮಗಿಲ್ಲದ ಮೇಲೆ, ಅದರಲ್ಲಿ ಏನೇನು ಇರಬೇಕೆಂದು ಹೇಳುವುದಕ್ಕೆ ನಾವ್ಯಾರು?