ತುಳಸಿ ಮಂಟಪಕ್ಕೆ ಹೋದ ಹಣ್ಣು

ಅಮೆರಿಕದ ಸೆಂಟರ್‌ವಿಲ್‌ನ ಆ ಟೌನ್‌ಹೌಸಿನಲ್ಲಿ ಯಾಮಿನಿ ಹೆಚ್ಚು ಹೊತ್ತು ನಿಲ್ಲುತ್ತಿದ್ದ ಜಾಗವೆಂದರೆ ಸಿಂಕಿನ ಮುಂದೆ. ಕಿಟಕಿಯಾಚೆ ಹಿತ್ತಲ ಉದ್ದಕ್ಕೂ ಬೇಲಿಗಿಡಗಳ ಸಾಲು. ಮೈಸೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುತ್ತಿದ್ದವಳು, ಗಂಡ ಯಶವಂತನ ವೀಸಾದ ಬಾಲ ಹಿಡಿದು ಬಂದ ಮೇಲೆ, ಪಾತ್ರೆ ತಿಕ್ಕುತ್ತ ಆ ಬೇಲಿಯನ್ನೇ ಓದಿದಳು. ನವೆಂಬರಿನಲ್ಲಿ ಉಳಿದ ಗಿಡಗಳೆಲ್ಲ ಎಲೆ ಉದುರಿಸಿ ಕಡ್ಡಿಯಾದಾಗ ಹಾಲಿ ಎಂಬ ಹೆಸರಿನ ಪೊದೆಯೊಂದು ಮಾತ್ರ ಹಸಿರೆಲೆಯ ನಡುವೆ ಕೆಂಪು ಹಣ್ಣು ಹೊತ್ತು ನಿಂತಿತ್ತು. ಅದನ್ನು ಬೂದುಬಣ್ಣದ ಮಾಕಿಂಗ್‌ಬರ್ಡ್ ಹಕ್ಕಿಯೊಂದು ಕಾಯುತ್ತಿತ್ತು. ರಾಬಿನ್ ಹಕ್ಕಿಗಳ ಹಿಂಡನ್ನು ಅಟ್ಟುವುದು, ಅಳಿಲನ್ನು ಗದರುವುದು, ಮತ್ತೆ ತುದಿಗೆ ಬಂದು ಕೂರುವುದು. ಚಳಿಗಾಲಕ್ಕೆ ಅದರ ಉಗ್ರಾಣ ಅದೊಂದೇ.

"ನಿಂಗೂ ರಜಾ ಇಲ್ವೇನೇ?" ಎನ್ನುತ್ತಿದ್ದಳು ಯಾಮಿನಿ.

ತುಳಸಿ ಪೂಜೆಗೆ ಯಶವಂತ ಗುರುತಿನ ಕನ್ನಡದವರನ್ನೆಲ್ಲ ಕರೆದ. ಕರೆಯುವುದು ಅವನ ಪಾಲು. ಪಾಯಸ, ಕೋಸಂಬರಿ, ಬಾತ್‌ರೂಮ್ ತೊಳೆಯುವುದು ಅವಳ ಪಾಲು. ತುಳಸಿಯ ಪಕ್ಕ ಸಿಕ್ಕಿಸಲು ನೆಲ್ಲಿ ಕೊಂಬೆ ಇಲ್ಲವೆಂದು ಅವಳಿಗೆ ಹೊಳೆದಾಗ ಪೂಜೆಯ ದಿನ ಸಂಜೆಯಾಗಿತ್ತು.

"ಸ್ಟೋರಲ್ಲಿ ಬರೀ ಫ್ರೋಜನ್ ನೆಲ್ಲಿಕಾಯಿ ಸಿಗತ್ತೆ."

"ಯಾವ್ದೋ ಒಂದು ಕಾಯಿರೋ ಕೊಂಬೆ ಅಡ್ಜಸ್ಟ್ ಮಾಡು. ಕಾತ್ಯಾಯಿನಿ ಆಂಟಿ ಬರ್ತಿದಾರೆ," ಎಂದ ಯಶವಂತ, ಫೋನಿನಿಂದ ತಲೆಯೆತ್ತದೆ.

ಹಿತ್ತಲಿಗಿಳಿದು ಕತ್ತರಿಸಿದ ಮೊದಲ ಹಾಲಿ ಕೊಂಬೆ ಬುಟ್ಟಿಯಲ್ಲಿ ಎಷ್ಟು ಚೆಂದ ಕಂಡಿತೆಂದರೆ, ಅಡುಗೆಮನೆಯ ಕತ್ತರಿಯಿಂದ ಇಡೀ ಪೊದೆಯನ್ನೇ ಬೋಳಿಸಿಬಿಟ್ಟಳು. ಹಕ್ಕಿ ತಲೆಯ ಮೇಲೆ ಕಿರುಚುತ್ತ ಸುತ್ತಿತು. "ಹೋಗೇ, ಹೊತ್ತಾಯ್ತು ನಂಗೆ!" ಎಂದು ಕೈಬೀಸಿದಳು.

"ಎಂಥ ಕೈ ಕಣೇ ನಿಂದು! ನೆಲ್ಲಿಗಿಂತ ಚೆನ್ನಾಗಿದೆ ಮಂಟಪ," ಎಂದರು ಪೂಜೆಗೆ ಬಂದ, ಊರಿನ ಕನ್ನಡದವರಿಗೆಲ್ಲ ಹಿರಿಯರಾದ ಕಾತ್ಯಾಯಿನಿ ಆಂಟಿ, ತುಳಸಿಯ ಸುತ್ತ ಸಿಕ್ಕಿಸಿದ ಕೆಂಪು ಹಣ್ಣು ನೋಡಿ. ಯಾಮಿನಿ ಹಿಗ್ಗಿದಳು. ಇಲ್ಲಿಗೆ ಬಂದ ಮೇಲೆ ಅವಳ ಕೆಲಸವನ್ನು ಒಬ್ಬರು ಗಮನವಿಟ್ಟು ನೋಡಿದ್ದು ಇದೇ ಮೊದಲು.

ಬೆಳಿಗ್ಗೆ ಸಿಂಕಿನ ಮುಂದೆ ನಿಂತಳು. ಹಕ್ಕಿ ಬೋಳು ಕಡ್ಡಿಯ ಮೇಲೆ ಕೂತು, ಇಲ್ಲದ ಹಣ್ಣಿಗಾಗಿ ಗುಬ್ಬಿಯೊಂದನ್ನು ಅಟ್ಟುತ್ತಿತ್ತು.

ಅವಳು ನಲ್ಲಿ ನಿಲ್ಲಿಸಿದಳು. ಮಂಟಪದ ಕೊಂಬೆಗಳನ್ನು ಕಿತ್ತು, ಅರಿಶಿನ ಕುಂಕುಮ ತೊಳೆದು, ಹೊರಗೆ ಹೋಗಿ ದಾರದಿಂದ ಪೊದೆಗೆ ಕಟ್ಟತೊಡಗಿದಳು.

"ಪಕ್ಕದ್ಮನೆಯವ್ರು ನೋಡ್ತಿದಾರೆ, ಏನೇ ಇದು ತಮಾಷೆ?" ಯಶವಂತ ಬಾಗಿಲಿನಿಂದ ಕೂಗಿದ.

ನೀನೇ ಹೇಳಿದ್ದಲ್ವಾ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಹೇಳಿದ್ದು ಒಂದು ಕೊಂಬೆ. ಉಳಿದದ್ದೆಲ್ಲ ಅವಳದೇ.

ದೂರ ಸರಿದು ಕಾದಳು. ಹಕ್ಕಿ ಬಂತು, ದಾರಕ್ಕೆ ಬೆದರಿ ಪಕ್ಕದ ಬೇಲಿಗೆ ಹಾರಿತು. ಅಲ್ಲಿ ತನ್ನ ಪೊದೆ ಕಾಯುತ್ತಿದ್ದ ಇನ್ನೊಂದು ಮಾಕಿಂಗ್‌ಬರ್ಡ್ ಅದನ್ನು ರಸ್ತೆಯಾಚೆಗೆ ಅಟ್ಟಿತು. ಯಾಮಿನಿಗೆ ಮತ್ತೆ ತಲೆಯೆತ್ತಿ ಆ ಕಡೆ ನೋಡಲಾಗಲಿಲ್ಲ.