ಕೆರೆದುಕೊಳ್ಳದ ಹಸು

ದನದ ಔಷಧಿ ಮಾರುವ ನನ್ನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಅನ್ನೂರಿನ ಸುತ್ತಲಿನ ದನಗಳ ರಕ್ತ ಹೀರುವ ಉಣ್ಣೆಗಳೆಲ್ಲ ಗಂಟುಮೂಟೆ ಕಟ್ಟುತ್ತವೆ. ಇದು ಜಗತ್ತಿಗೇ ಗೊತ್ತು. ಗೊತ್ತಿಲ್ಲದವರು ರಂಗಮ್ಮಜ್ಜಿ ಒಬ್ಬರೇ.

ಅವರ ಗಬ್ಬದ ಹಸು ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ. ಮೈ ಕಾದ ಹೆಂಚಿನಂತಿತ್ತು. ಕಿವಿಯೊಳಗೆ ಹರಳು ಬೀಜದಂಥ ಉಣ್ಣೆಗಳು.

"ಅಜ್ಜಿ, ಇದು ಉಣ್ಣೆ ಜ್ವರ. ಡಾಕ್ಟರನ್ನ ಕರೆಸಿ, ತಡಮಾಡಿದ್ರೆ ಹೊಟ್ಟೇಲಿರೋ ಕರುವೂ ಉಳಿಯಲ್ಲ."

"ಕಣ್ಣು ಬಿದ್ದದೆ ತಂಬಿ. ಮೆಣಸಿನಕಾಯಿ ನಿವಾಳಿಸಿದೀನಿ. ಉಣ್ಣೆ ಕಡಿದ್ರೆ ಹಸ ಕೆರ್ಕೊಳ್ಳಲ್ವಾ?"

"ಅದೇ ಉಣ್ಣೆಯ ಕಳ್ಳತನ! ಅದರ ಎಂಜಲು ಸೇರಿದ ಕಡೆ ನೋವಿಲ್ಲ, ನವೆಯಿಲ್ಲ. ರೋಗದ ಜೊತೆ ಹೊಡೆದಾಡೋ ರಕ್ತದ ಕಾವಲುಗಾರರನ್ನೂ ಅದು ಮಂಕು ಮಾಡುತ್ತೆ. ರೋಗಾಣು ಆರಾಮಾಗಿ ಒಳಗೆ ನುಗ್ಗುತ್ತೆ."

"ನಿನ್ನ ಎಂಜಲೂ ಅರ್ಧ ಗಂಟೆಯಿಂದ ಹಾರ್ತಾ ಅದೆ. ನಂಗೇನೂ ಮಂಕಾಗಿಲ್ವಲ್ಲ?"

ಮೂರು ಸಲ ಬಿಡಿಸಿ ಹೇಳಿದೆ. ಗಂಟಲು ಒಣಗಿತು, ಅಜ್ಜಿ ಜಗ್ಗಲಿಲ್ಲ. ಸಾಕಾಗಿ ತಲೆ ಚಚ್ಚಿಕೊಳ್ಳುತ್ತಾ ಔಷಧಿ ಚೀಲ ಎತ್ತಲು ಬಗ್ಗಿದಾಗ ಅವರು ಗಪ್ಪನೆ ನನ್ನ ಕಿವಿ ಹಿಡಿದರು.

"ಅಲ್ಲಾಡ್ಬೇಡ!"

ಕಿವಿಯ ಹಿಂದಿನಿಂದ ಏನನ್ನೋ ಕಿತ್ತು ನನ್ನ ಅಂಗೈಗೆ ಹಾಕಿದರು. ರಕ್ತ ಕುಡಿದು ಉಬ್ಬಿದ ಉಣ್ಣೆ.

"ಇಷ್ಟು ಉಬ್ಬಕ್ಕೆ ಎರಡು ದಿನನಾದ್ರೂ ಬೇಕು. ಗೊತ್ತಾಗ್ಲಿಲ್ವಾ?"

"ಇಲ್ಲ ಅಜ್ಜಿ."

"ಇಷ್ಟು ಮಾತಾಡೋ ನಿಂಗೇ ಗೊತ್ತಾಗ್ಲಿಲ್ಲ ಅಂದ್ರೆ ಬಾಯಿಲ್ಲದ ಹಸೂಗೆ ಹೆಂಗೆ ಗೊತ್ತಾದೀತು? ಫೋನ್ ಹಾಕು ಡಾಕ್ಟರಿಗೆ."

ಡಾಕ್ಟರು ಬಂದು ಸೂಜಿ ಹಾಕಿದರು. ಹಸು ಚೇತರಿಸಿಕೊಂಡಿತು, ಕರುವೂ ಉಳಿಯಿತು. ನನ್ನ ವಿಜ್ಞಾನಕ್ಕೆ ಬಗ್ಗದ ಅಜ್ಜಿ ನನ್ನ ಕಿವಿಗೆ ಬಗ್ಗಿದ್ದರು. ಈಗ ಯಾವ ಕೊಟ್ಟಿಗೆಗೆ ಹೋದರೂ ಔಷಧಿ ಬಾಟಲಿಗಿಂತ ಮೊದಲು ನನ್ನ ಕಿವಿ ಮಡಚಿ ಉಣ್ಣೆ ಕಚ್ಚಿದ ಕಲೆ ತೋರಿಸುತ್ತೇನೆ.