ಆರ್ಡಿಸ್ ಕ್ವಾಮಿಯ ಕಾಫಿ ಅಳತೆ

ನಮ್ಮ ಲಿಂಡಾಲ್ ಊರಿನ ಶಾಲಾ ಬಸ್ಸು ಓಡಿಸುವವಳು ಆರ್ಡಿಸ್ ಕ್ವಾಮಿ. ನನ್ನ ತಾಯಿ ಆಕೆಯ ಬಸ್ಸಿನಲ್ಲೇ ಶಾಲೆಗೆ ಹೋದವಳು, ಆಮೇಲೆ ನಾನೂ ಹೋದೆ. ಬೇಸಿಗೆಯಲ್ಲಿ ಬಸ್ಸಿಗೆ ರಜೆ. ಅಧ್ಯಕ್ಷರ ಚುನಾವಣೆ ಇರುವ ವರ್ಷವಾದರೆ ಆ ರಜೆಯೆಲ್ಲ ಆಕೆಗೆ ಓದು. ಟಿವಿಯಲ್ಲಿ ಹಗಲಿರುಳು ಕಾಣುವ ಎರಡು ದೊಡ್ಡ ಪಕ್ಷಗಳ ಪ್ರಣಾಳಿಕೆಗಳಲ್ಲ. ಮತಪತ್ರದಲ್ಲಿ ಆ ಎರಡು ಹೆಸರುಗಳ ಕೆಳಗೆ ಸುಮ್ಮನೆ ಬಿದ್ದಿರುತ್ತಾರಲ್ಲ, ಸಣ್ಣ ಪಕ್ಷದವರು, ಯಾವ ಪಕ್ಷವೂ ಇಲ್ಲದೆ ಸ್ವಂತವಾಗಿ ನಿಂತವರು, ಅವರವು. ಓದಿದ್ದು ಅರ್ಥವಾಗದಿದ್ದರೆ ಫೋನ್ ಮಾಡಿ ಕೇಳುತ್ತಾಳೆ. ಒಮ್ಮೆ ಅಭ್ಯರ್ಥಿಯೇ ಫೋನ್ ಎತ್ತಿ, "ಸ್ವಲ್ಪ ತಡೀರಿ, ಹಾಲು ಉಕ್ತಾ ಇದೆ" ಎಂದು ಒಲೆಯ ಕಡೆ ಓಡಿದನಂತೆ. ಆತ ಮರಳಿ ಬರುವ ತನಕ ಕಾದು, ಕೇಳಬೇಕಾದ್ದನ್ನು ಕೇಳಿಯೇ ಫೋನ್ ಇಟ್ಟಳು.

ಇದು ಶುರುವಾದದ್ದು ಆಕೆ ಮೊದಲ ಸಲ ಮತ ಹಾಕಲು ಹೋದಾಗ. "ಕೆಳಗಿರೋ ಇವರೆಲ್ಲ ಯಾರು?" ಎಂದು ಮೇಜಿನ ಹಿಂದಿದ್ದ ಮುದುಕನನ್ನು ಕೇಳಿದಳು. "ಅವರು ಲೆಕ್ಕಕ್ಕಿಲ್ಲ, ಮಗಳೇ" ಎಂದ ಆತ. "ಲೆಕ್ಕಕ್ಕಿಲ್ಲದವರ ಹೆಸರು ಯಾಕೆ ಅಚ್ಚು ಹಾಕಿಸಿದ್ರಿ?" ಆತ ಮತಪತ್ರ ಕೈಗಿಟ್ಟು ಸಾಲಿನಲ್ಲಿ ಮುಂದಿನವರನ್ನು ಕರೆದನಂತೆ.

ಅಲ್ಲಿಂದೀಚೆಗೆ ಚುನಾವಣೆಯ ವರ್ಷ ಅಕ್ಟೋಬರ್‌ನ ಒಂದು ಭಾನುವಾರ, ಚರ್ಚು ಮುಗಿದ ಮೇಲೆ, ಊರ ಸಭಾಭವನದಲ್ಲಿ ಆಕೆಯ ಕೂಟ ಸೇರುತ್ತದೆ. ಉಪ್ಪಿನಕಾಯಿ ಹಾಕುವ ಗಾಜಿನ ಜಾಡಿಗಳನ್ನು ಆ ಕೆಳಗಿನ ಅಭ್ಯರ್ಥಿಗಳಿಗೆ ಒಂದೊಂದರಂತೆ ಮೇಜಿನ ಮೇಲೆ ಇಡುತ್ತಾಳೆ. ಪ್ರಶ್ನೆಗಳು ನಮ್ಮೂರಿನವೇ: ಮೆಕ್ಕೆಜೋಳದ ಬೆಲೆ, ಮುಚ್ಚುವುದರಲ್ಲಿರುವ ಅಂಚೆ ಕಚೇರಿ, ಹೆರಿಗೆ ವಾರ್ಡಿಲ್ಲದ ಆಸ್ಪತ್ರೆ, ಯುದ್ಧಕ್ಕೆ ಹೋಗುವ ಹುಡುಗರು. ಒಂದು ಪ್ರಶ್ನೆಗೆ ಅಭ್ಯರ್ಥಿ ಖಚಿತವಾಗಿ ಏನಾದರೂ ಹೇಳಿದ್ದರೆ ಅವನ ಜಾಡಿಗೆ ಒಂದು ಲೋಟ ಕಾಫಿ ಬೀಳುತ್ತದೆ. ಅದು ಆಕೆಗೆ ಒಪ್ಪಿಗೆಯೋ ಅಲ್ಲವೋ ಎನ್ನುವುದು ಬೇರೆ ಮಾತು, ಹೇಳಿದ್ದರೆ ಸಾಕು. "ಬದ್ಧರಾಗಿದ್ದೇವೆ" ಎಂದಷ್ಟೇ ಬರೆದಿದ್ದರೆ ಒಂದು ಹನಿಯೂ ಇಲ್ಲ. ತಾನು ಯಾರಿಗೆ ಮತ ಹಾಕುತ್ತೇನೆ ಎಂದು ಇಷ್ಟು ವರ್ಷಗಳಲ್ಲಿ ಆಕೆ ಬಾಯಿ ಬಿಟ್ಟಿಲ್ಲ.

ಕಳೆದ ಚುನಾವಣೆಯ ಹೊತ್ತಿಗೆ ಊರ ಮಂಡಳಿಯ ಮುಖ್ಯಸ್ಥನಾಗಿದ್ದವನು ಲೈಲ್ ಬ್ರಾಟ್‌ವೋಲ್ಡ್, ಆರ್ಡಿಸಳ ತಂಗಿ ಜೆನೆಟ್‌ಳ ಗಂಡ. ಎರಡು ದೊಡ್ಡ ಪಕ್ಷಗಳಲ್ಲಿ ಒಂದಕ್ಕೆ ಜಿಲ್ಲೆಯಲ್ಲಿ ಓಡಾಡುವವನು. ಕೂಟಕ್ಕೆ ಒಂದು ವಾರ ಇರುವಾಗ ಆಕೆಯ ಅಂಗಳಕ್ಕೆ ಬಂದು ನಿಂತ. ನಮ್ಮ ಕಡೆ ಬೇಡ ಎನ್ನುವುದನ್ನು ಯಾರೂ ನೇರವಾಗಿ ಹೇಳುವುದಿಲ್ಲ.

"ಚಳಿ ಬೇಗ ಬಂತು" ಎಂದ.

"ಬಂತು."

"ಈ ಸಲ ಆ ಜಾಡಿ ಆಟ ಇಟ್ಕೊಳ್ದಿದ್ರೂ ನಡೆಯುತ್ತೇನೋ ಅಂತ."

"ಯಾರಿಗೆ ನಡೆಯುತ್ತೆ?"

"ಹೋದ ಸಲ ನಮ್ಮವರು ಈ ಜಿಲ್ಲೇಲಿ ಎಷ್ಟು ಕಡಿಮೇಲಿ ಸೋತ್ರು ಅಂತ ನಿನಗೇ ಗೊತ್ತು. ಆ ಚಿಲ್ಲರೆಯವರಿಗೆ ಬಿದ್ದಿದ್ದೆಲ್ಲ ನಮ್ಮ ವೋಟು, ಆರ್ಡಿಸ್."

"ನಿಮ್ಮದಾಗಿದ್ರೆ ನಿಮಗೇ ಬೀಳ್ತಿತ್ತು. ನಿನ್ನ ಹಸು ನನ್ನ ಕೊಟ್ಟಿಗೇಲಿ ಸಿಕ್ಕಿದ್ರೆ ಕಳ್ಳಿ ಅನ್ನು, ಒಪ್ಕೋತೀನಿ. ಜನರ ವೋಟಿಗೂ ಕಿವಿಗೆ ನಿನ್ನ ಬಿಲ್ಲೆ ಹೊಡೆದಿದ್ದೀಯಾ?"

"ಊರಲ್ಲಿ ಮನಸ್ತಾಪ ಯಾಕೆ ಅಂತ ಹೇಳಿದೆ, ಅಷ್ಟೆ."

"ಮನಸ್ತಾಪ ನಿನಗೊಬ್ಬನಿಗೆ. ಊರಿಗೆ ಹಚ್ಬೇಡ."

ಶನಿವಾರ ಸಭಾಭವನಕ್ಕೆ ಹೊಸ ಬೀಗ ಬಿತ್ತು. ಒಳಗೆ ಚಳಿ ಕಾಯಿಸುವ ಒಲೆ ರಿಪೇರಿಯಲ್ಲಿದೆ ಎಂಬ ಚೀಟಿ ಬಾಗಿಲ ಮೇಲಿತ್ತು. ಅಲ್ಲಿಗೆ ಕೂಟ ನಿಂತಿತು ಎಂದುಕೊಂಡ ಲೈಲ್. ಅವನು ಮರೆತದ್ದು ಊಟವನ್ನು. ಯಾರು ಹಾಟ್‌ಡಿಶ್ ತರಬೇಕು, ಯಾರು ಕುಂಬಳಕಾಯಿ ಕೇಕು ತರಬೇಕು ಎಂದು ಚರ್ಚಿನ ಹೆಂಗಸರು ಹದಿನೈದು ದಿನ ಮೊದಲೇ ಹಂಚಿಕೊಂಡಿದ್ದರು. ನಮ್ಮೂರಲ್ಲಿ ಸಭೆಯನ್ನು ನಿಲ್ಲಿಸಬಹುದು. ಆಲೂಗಡ್ಡೆ, ಕೈಮಾ ಪದರ ಹಾಕಿ ಓವನ್ನಿಗೆ ಹೋದ ಪಾತ್ರೆಯನ್ನು ಯಾರೂ ನಿಲ್ಲಿಸಲಾರರು.

ಭಾನುವಾರ ಮಧ್ಯಾಹ್ನ ಬಿಸಿ ಪಾತ್ರೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಜನ ಬಂದರು. ಬೀಗ ನೋಡಿ, ಚೀಟಿ ಓದಿ, ಗಾಳಿಯಲ್ಲಿ ನಿಂತರು. ಆರ್ಡಿಸ್ ಮೆಟ್ಟಿಲ ಮೇಲೆ ಜಾಡಿಗಳ ಪೆಟ್ಟಿಗೆ ಇಟ್ಟು, "ಇಲ್ಲೇ ಶುರು ಮಾಡ್ತೀನಿ. ಚಳಿ ಆದವರು ಮನೆಗೆ ಹೋಗಿ, ಬೇಜಾರಿಲ್ಲ" ಎಂದಳು. ಒಬ್ಬರೂ ಹೋಗಲಿಲ್ಲ.

ಆಗ ರಸ್ತೆಯಾಚೆಯಿಂದ ಕಬ್ಬಿಣದ ಬಾಗಿಲು ಸರಿದ ಸದ್ದು. ಅದು ಬ್ರಾಟ್‌ವೋಲ್ಡರ ಟ್ರ್ಯಾಕ್ಟರ್ ಶೆಡ್. ಬಾಗಿಲಲ್ಲಿ ಜೆನೆಟ್ ನಿಂತಿದ್ದಳು, ಕೈಯಲ್ಲಿ ಅವಳದ್ದೇ ಹಾಟ್‌ಡಿಶ್.

"ಪಾತ್ರೆ ತಣ್ಣಗಾಗ್ತಿದೆ" ಎಂದಳು. "ಒಳಗೆ ಬನ್ನಿ."

ಲೈಲ್ ಮನೆಯಿಂದ ಓಡಿ ಬಂದ. "ಜೆನೆಟ್, ಏನಿದು?"

"ಊಟ."

"ನನ್ನ ಶೆಡ್ಡಲ್ಲಿ?"

"ನಮ್ಮಪ್ಪನ ಶೆಡ್ಡಲ್ಲಿ. ನೀನು ಬಂದಿದ್ದು ಆಮೇಲೆ."

ಕೆಲಸದ ಮೇಜಿನ ಮೇಲಿದ್ದ ಸ್ಪ್ಯಾನರುಗಳನ್ನು ಯಾರೋ ಸರಿಸಿದರು. ಜಾಡಿಗಳು ಮೂರು ಕೂತವು. ಒಂದು ಸಣ್ಣ ಕಾರ್ಮಿಕ ಪಕ್ಷದ ನರ್ಸಮ್ಮನದು, ಒಂದು ಸ್ವಂತವಾಗಿ ನಿಂತ ನಿವೃತ್ತ ನ್ಯಾಯಾಧೀಶನದು, ಇನ್ನೊಂದು ಸರ್ಕಾರ ಆದಷ್ಟು ಕಡಿಮೆ ಇರಲಿ ಎನ್ನುವ ಪಕ್ಷದ, ದನದ ಫಾರಂ ನಡೆಸುವವನದು. ಆರ್ಡಿಸ್ ಕನ್ನಡಕ ಏರಿಸಿ ಬೆಲೆಯ ಪ್ರಶ್ನೆಗೆ ಬಾಯಿ ತೆರೆದಳಷ್ಟೆ, ಶೆಡ್ಡಿನ ಪಕ್ಕದಲ್ಲಿ ಜೋಳ ಒಣಗಿಸುವ ಯಂತ್ರ ಭೋರೆಂದಿತು. ತಗಡಿನ ಗೋಡೆಗಳು ನಡುಗಿದವು. ಲೈಲ್ ಗುಂಡಿ ಒತ್ತಿ ಅದರ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ.

ಅವನು ಯಾರ ಎದುರು ಈ ಆಟ ಹೂಡಿದ್ದ? ಡೀಸೆಲ್ ಎಂಜಿನ್ನಿನ ಸದ್ದನ್ನೂ ಬಸ್ಸು ತುಂಬ ಕಿರುಚುವ ಮಕ್ಕಳನ್ನೂ ಮೀರಿ ಹಿಂದಿನ ಸೀಟಿಗೆ ಮುಟ್ಟುವಂತೆ ಕೂಗಿ ಪಳಗಿದ ಗಂಟಲು ಅದು. ಆರ್ಡಿಸ್ ಉಸಿರೆಳೆದುಕೊಂಡಳು.

"ಜೋಳದ ಬೆಲೆ! ನರ್ಸಮ್ಮ, ಸರ್ಕಾರವೇ ತಳದ ಬೆಲೆ ಕಟ್ಟಬೇಕು ಅಂತಾಳೆ! ದನದವನು, ಸರ್ಕಾರ ಬೆಲೆಯ ಹತ್ತಿರಾನೂ ಸುಳೀಬಾರದು ಅಂತಾನೆ! ಇಬ್ಬರಿಗೂ ಕಾಫಿ! ಜಡ್ಜು, ರೈತರ ಪರ ಬದ್ಧ ಅಂತಾನೆ! ಜಾಡಿ ಒಣಕಲು!"

ಹಿಂದೆ ನಿಂತಿದ್ದ ಮುದುಕ ಥೋರ್‌ವಾಲ್ಡ್ ಪಕ್ಕದವನ ಕಿವಿಯಲ್ಲಿ ಕೂಗಿದ: "ಲೈಲ್‌ನ ಜೋಳ ಒಣಗಿ ವಾರ ಆಯ್ತಲ್ಲೋ. ನಮ್ಮ ವೋಟು ದಂಡ ಅಂತಿದ್ದವನು ಗ್ಯಾಸ್ ಹೇಗೆ ದಂಡಕ್ಕೆ ಸುಡ್ತಾವ್ನೆ ನೋಡು."

ಆ ಮಾತು ಬಾಯಿಂದ ಬಾಯಿಗೆ ಹೋಯಿತು. ಯಾರೂ ನಗಲಿಲ್ಲ, ಆದರೆ ಎಲ್ಲರೂ ಒಮ್ಮೆ ಯಂತ್ರದ ಕಡೆ ತಿರುಗಿ ನೋಡಿದರು. ಅಂಚೆ ಕಚೇರಿಯನ್ನು ಉಳಿಸಿಯೇ ತೀರುತ್ತೇನೆಂದು ಜಡ್ಜು ಬರೆದಿದ್ದ, ಅವನ ಜಾಡಿಗೂ ಮೊದಲ ಸಲ ಕಾಫಿ ಬಿತ್ತು. ಆಸ್ಪತ್ರೆಯ ಪ್ರಶ್ನೆಗೆ ದನದವನು ಏನೂ ಹೇಳಿರಲಿಲ್ಲ. ಯುದ್ಧದ ಪ್ರಶ್ನೆ ಬರುವಷ್ಟರಲ್ಲಿ ಲೈಲ್ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದ.

"ಮುಗೀತಾ?"

"ಇಲ್ಲ. ಯುದ್ಧ ಉಳಿದಿದೆ."

"ಇವರಲ್ಲಿ ಒಬ್ಬರಾದ್ರೂ ಗೆಲ್ತಾರಾ, ಆರ್ಡಿಸ್? ದೇವರಾಣೆ ಹೇಳು."

"ಗೆಲ್ಲಲ್ಲ."

"ಮತ್ತೆ?"

"ಗೆಲ್ಲೋರಿಗೇ ಹಾಕ್ಬೇಕು ಅಂದ್ರೆ ವೋಟು ಯಾಕೆ, ಗೆದ್ದ ಮೇಲೆ ಹೋಗಿ ಚಪ್ಪಾಳೆ ತಟ್ಟಿದ್ರೆ ಸಾಲ್ದಾ? ನಾನು ಯಾರಿಗೂ ಇಂಥವರಿಗೆ ಹಾಕಿ ಅಂದಿಲ್ಲ. ನಿಮ್ಮವರಿಗೇ ಹಾಕೋರು ಇಲ್ಲಿ ಅರ್ಧ ಜನ ಇದ್ದಾರೆ. ಕೇಳ್ಕೊಂಡು ಹಾಕಲಿ. ನಿನಗೆ ಕಷ್ಟ ಆಗ್ತಿರೋದು ಅವರು ಹಾಕೋದಲ್ಲ, ಕೇಳೋದು." ಆಕೆಯ ದನಿ ಇನ್ನೂ ಯಂತ್ರವನ್ನು ಮೀರಿ ಕೂಗುವಷ್ಟೇ ಎತ್ತರದಲ್ಲಿತ್ತು. "ನಿಂತ್ಕೋ, ಇಲ್ಲ ಹೋಗು. ಬಾಗಿಲು ಹಾಕು, ಗಾಳಿ ಬರ್ತಿದೆ."

ಲೈಲ್ ಬಾಗಿಲು ಹಾಕಿದ, ಹೊರಗಿನಿಂದ. ಆಕೆ ಯುದ್ಧದ ಪ್ರಶ್ನೆಯನ್ನು ಓದಿ ಮುಗಿಸಿದ ಮೇಲೆಯೇ ಊಟ ಬಡಿಸಿದ್ದು.

ನವೆಂಬರ್‌ನಲ್ಲಿ ಮತದಾನ ಅದೇ ಸಭಾಭವನದಲ್ಲಿ ನಡೆಯಿತು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು. ಮತಪತ್ರ ಕೊಡುವ ಮೇಜಿನ ಹಿಂದೆ ಆ ದಿನ ಲೈಲ್ ಕೂತಿದ್ದ. ಆರ್ಡಿಸ್ ಸಹಿ ಹಾಕಿದಳು. ಅವನು ಕಾಗದ ಚಾಚಿದ, ಆದರೆ ಬೆರಳು ಸಡಿಲಿಸಲಿಲ್ಲ.

"ಯೋಚಿಸಿ ಹಾಕು" ಎಂದ ಮೆಲ್ಲಗೆ.

"ಬೇಸಿಗೆಯೆಲ್ಲ ಅದನ್ನೇ ಮಾಡಿದ್ದೀನಿ. ಬಿಡು ಕಾಗದ."

ಬಿಟ್ಟ. ಆಕೆ ಪರದೆಯ ಹಿಂದೆ ಹೋಗಿ, ಮೇಲಿನ ಹೆಸರಿನಿಂದ ಕಟ್ಟಕಡೆಯ ಹೆಸರಿನವರೆಗೆ ಎಲ್ಲವನ್ನೂ ಓದತೊಡಗಿದಳು. ಹೊರಗೆ ನಮ್ಮ ಸಾಲು ಬಾಗಿಲು ದಾಟಿ ಮೆಟ್ಟಿಲವರೆಗೆ ಬೆಳೆಯಿತು. ಆಕೆ ಆತುರಪಡಲಿಲ್ಲ, ನಾವೂ ಯಾರೂ ಕೆಮ್ಮಲಿಲ್ಲ.